ತೆರವಾದ ಜಾಗ

ತಾಯಿ ಮಾರಮ್ಮ, ನಿನ್ನ ಮುಂದೆ ಕೋಳಿ ಹಿಡಿದು ನಿಲ್ಲುವವರನ್ನು ನೀನು ತಲೆಮಾರುಗಳಿಂದ ನೋಡುತ್ತಾ ಬಂದಿದ್ದೀಯ. ಕೋಳಿಯ ಪರವಾಗಿ ಬಂದವರ ಮಾತನ್ನೂ ಇವತ್ತೊಂದು ದಿನ ಕೇಳು. ಕೋಳಿಗಳ ಕಾಯಿಲೆ ನೋಡುವುದು ನನ್ನ ಕಸುಬು. ಸತ್ತ ಕೋಳಿಯ ಹೊಟ್ಟೆ ಸೀಳಿ ಯಾತರಿಂದ ಸತ್ತಿತೆಂದು ಹೇಳಬೇಕು, ಬದುಕಿರುವವನ್ನು ಉಳಿಸಿಕೊಳ್ಳುವ ದಾರಿ ತೋರಬೇಕು. ಬೇನೆ ಕೊಡುವವಳೂ ನೀನೇ, ಕಳೆಯುವವಳೂ ನೀನೇ ಎಂದು ನಂಬಿದ ಜನ ನಾವು. ಸಿಡುಬು ಎದ್ದರೆ ಅದನ್ನು ರೋಗವೆಂದು ಕರೆಯಲು ಬಾಯಿ ಬಾರದೆ ಅಮ್ಮ ಬಂದಿದ್ದಾಳೆ ಎಂದೆವು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಿದ್ದ ಮೇಲೆ ಪ್ಲೇಗಮ್ಮ ಎಂದು ಅದಕ್ಕೂ ನಿನ್ನದೇ ಹೆಸರಿಟ್ಟು ಗುಡಿ ಕಟ್ಟಿದೆವು. ಹಾಗಿರುವಾಗ ಕಣ್ಣಿಗೆ ಕಾಣದ ಎರಡು ಜೀವಿಗಳ ದಾಯಾದಿ ಕಲಹವನ್ನು ನಿನ್ನಲ್ಲಿ ಬಿಟ್ಟು ಇನ್ನೆಲ್ಲಿ ಹೇಳಿಕೊಳ್ಳಲಿ?

ಎರಡೂ ಸಾಲ್ಮೊನೆಲ್ಲಾ ಕುಲದವು ತಾಯಿ. ಒಂದು ಗ್ಯಾಲಿನೇರಮ್, ಇನ್ನೊಂದು ಎಂಟೆರಿಟಿಡಿಸ್. ಗ್ಯಾಲಿನೇರಮ್ ಕೋಳಿಗಳಿಗೆ ಟೈಫಾಯ್ಡ್ ತರುತ್ತದೆ. ಅದರ ಒಡಹುಟ್ಟಾದ ಪುಲ್ಲೋರಮ್ ಎಳೆಮರಿಗಳಿಗೆ ಬಿಳಿ ಭೇದಿ ಹಚ್ಚಿ ಹಿಂಡುಗಟ್ಟಲೆ ಕೊಲ್ಲುತ್ತದೆ. ಆದರೆ ಇವೆರಡೂ ಹಕ್ಕಿಯ ಮೈ ಬಿಟ್ಟು ಮನುಷ್ಯನ ತಂಟೆಗೆ ಬರುವುದು ತೀರಾ ಅಪರೂಪ. ಎಂಟೆರಿಟಿಡಿಸ್‌ನ ಗುಣ ಇದಕ್ಕೆ ತದ್ವಿರುದ್ಧ. ಅದು ಹೊಕ್ಕ ಬಲಿತ ಕೋಳಿ ಸಾಮಾನ್ಯವಾಗಿ ಮಂಕಾಗುವುದಿಲ್ಲ, ಮೇವು ಬಿಡುವುದಿಲ್ಲ, ಎಂದಿನಂತೆ ಮೊಟ್ಟೆ ಇಡುತ್ತದೆ. ರೋಗಾಣು ಮಾತ್ರ ಅಂಡಾಶಯದಲ್ಲಿ, ಅಂಡನಾಳದಲ್ಲಿ ಕೂತಿದ್ದು, ಚಿಪ್ಪು ಕಟ್ಟುವುದಕ್ಕೂ ಮೊದಲೇ ಮೊಟ್ಟೆಯ ಒಳಗೆ ಸೇರಿಬಿಡುತ್ತದೆ. ಮೇಲೆ ಒಂದು ಕಲೆಯಿಲ್ಲ, ಬಿರುಕಿಲ್ಲ, ವಾಸನೆಯಿಲ್ಲ. ಅಂಥ ಮೊಟ್ಟೆಯನ್ನು ಹಸಿಯಾಗಿಯೋ ಅರೆಬೇಯಿಸಿಯೋ ತಿಂದವರಿಗೆ ಜ್ವರ, ಹೊಟ್ಟೆಮುರಿತ, ಭೇದಿ. ಗಟ್ಟಿಮುಟ್ಟಾದವರು ಕೆಲವು ದಿನ ನರಳಿ ಏಳುತ್ತಾರೆ. ಹಸುಗೂಸುಗಳು, ಮುದುಕರು, ಮೊದಲೇ ಮೈ ಸೋತವರು ಕೆಲವೊಮ್ಮೆ ಏಳುವುದಿಲ್ಲ.

ಗ್ಯಾಲಿನೇರಮ್, ಎಂಟೆರಿಟಿಡಿಸ್ ಎರಡರ ನಂಟನ್ನು ನಾನು ಪ್ರಯೋಗಶಾಲೆಯ ಮೇಜಿನ ಮೇಲೆ ಕಂಡಿದ್ದೇನೆ. ಅರೆಗಟ್ಟಿ ಅಗಾರ್ ತುಂಬಿದ ಎರಡು ಗಾಜಿನ ನಳಿಕೆ ತೆಗೆದುಕೊಂಡು, ಸೂಜಿಯ ತುದಿಗೆ ರೋಗಾಣು ಹಚ್ಚಿ ನೇರ ಕೆಳಕ್ಕೆ ಚುಚ್ಚಿ, ರಾತ್ರಿಯಿಡೀ ಬೆಚ್ಚಗೆ ಇಡುತ್ತೇವೆ. ಬೆಳಿಗ್ಗೆ ನೋಡಿದರೆ ಎಂಟೆರಿಟಿಡಿಸ್ ಇರುವ ನಳಿಕೆ ಪೂರಾ ಮಬ್ಬು. ಅದಕ್ಕೆ ಈಜಲು ಚಾವಟಿಯಂಥ ಎಳೆಗಳಿವೆ, ಚುಚ್ಚಿದ ಗೆರೆ ಬಿಟ್ಟು ಸುತ್ತಲೂ ಹಬ್ಬಿರುತ್ತದೆ. ಗ್ಯಾಲಿನೇರಮ್ ಚುಚ್ಚಿದಲ್ಲಿಯೇ ಬೆಳೆದು ನಿಂತಿರುತ್ತದೆ, ಬಿಳಿ ದಾರ ಇಳಿಬಿಟ್ಟ ಹಾಗೆ, ಸುತ್ತಲ ಅಗಾರ್ ತಿಳಿಯಾಗಿಯೇ ಉಳಿದಿರುತ್ತದೆ. ಈಜುವ ಎಳೆಯನ್ನು ಅದು ಕಳೆದುಕೊಂಡಿದೆ. 2008ರಲ್ಲಿ ಎರಡರ ಜೀನೋಮನ್ನೂ ಪೂರ್ತಿ ಓದಿ ಹೋಲಿಸಿದ ವಿಜ್ಞಾನಿಗಳು ಕಂಡದ್ದೂ ಇದನ್ನೇ. ಗ್ಯಾಲಿನೇರಮ್ ಎಂಟೆರಿಟಿಡಿಸ್‌ನಂಥ ಒಂದು ಮೂಲದಿಂದ ಈಚೆಗೆ ಒಡೆದು ಬಂದ ಕವಲು. ಕೋಳಿಯ ಮೈಗೇ ಒಗ್ಗಿಕೊಂಡು, ಬೇರೆಡೆ ಬೇಕಾಗುವ ಎಷ್ಟೋ ಜೀನ್‌ಗಳನ್ನು ಕೆಡಿಸಿಕೊಂಡಿದೆ. ಚಾವಟಿ ಇಲ್ಲದ್ದು ಅದಕ್ಕೆ ಲಾಭವೂ ಆಗಿದೆ. ಕೋಳಿಯ ಮೈಕಾವಲು ರೋಗಾಣುವಿನ ಸುಳಿವು ಹಿಡಿಯುವುದು ಬಹುಮಟ್ಟಿಗೆ ಆ ಚಾವಟಿಯಿಂದ. ಅದಿಲ್ಲದ್ದರಿಂದ ಗ್ಯಾಲಿನೇರಮ್ ಸದ್ದಿಲ್ಲದೆ ಕರುಳು ದಾಟಿ ಯಕೃತ್ತು, ಗುಲ್ಮ ಸೇರುತ್ತದೆ.

ಆ ಯಕೃತ್ತನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ ತಾಯಿ. ಟೈಫಾಯ್ಡಿನಿಂದ ಸತ್ತ ಕೋಳಿಯ ಹೊಟ್ಟೆ ತೆರೆದರೆ ಯಕೃತ್ತು ಊದಿಕೊಂಡು, ಗಾಳಿ ತಾಗಿದೊಡನೆ ಹಳೆಯ ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಮೇಲೊಂದು ಹಸಿರು ಹೊಳಪು. ಜುಟ್ಟು ರಕ್ತವಿಲ್ಲದೆ ಬಿಳಿಚಿಕೊಂಡಿರುತ್ತದೆ. ಹಿಂಭಾಗದ ಪುಕ್ಕಕ್ಕೆ ಹಳದಿಹಸಿರು ಹಿಕ್ಕೆ ಅಂಟಿರುತ್ತದೆ. ಮೊಟ್ಟೆ ಹಿಡಿಯಬೇಕಾದ ಹೊತ್ತಿಗೆ ಹಿಂಡಿನಲ್ಲಿ ಇದು ಕಾಣಿಸಿಕೊಂಡರೆ ಸಾಲ ಮಾಡಿ ಶೆಡ್ ಕಟ್ಟಿದವನ ಮುಖ ಏನಾಗುತ್ತದೆಂದು ನಿನಗೆ ಗೊತ್ತು. ಇಂಥ ರೋಗವನ್ನು ಬೇರು ಸಹಿತ ಕಿತ್ತು ಹಾಕಬೇಕೆಂದು ಯಾರಿಗೆ ಅನ್ನಿಸುವುದಿಲ್ಲ?

ಅನ್ನಿಸಿತು, ಮಾಡಿದರು. ಅಮೆರಿಕದಲ್ಲಿ ಲಿಯೋ ರೆಟ್‌ಗರ್ 1899ರಲ್ಲಿ ಬಿಳಿ ಭೇದಿಯ ರೋಗಾಣುವನ್ನು ಗುರುತಿಸಿದ. ರೋಗ ತಾಯಿಕೋಳಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿಯುತ್ತದೆಂದು ಮುಂದೆ ತಿಳಿಯಿತು. ಹಾಗಾದರೆ ರೋಗ ಹೊತ್ತ ತಾಯಿಕೋಳಿಗಳನ್ನು ಹುಡುಕಿ ತೆಗೆದರೆ ಸರಪಳಿ ಕಡಿಯುತ್ತದೆ. ಅದಕ್ಕೊಂದು ಸುಲಭದ ಪರೀಕ್ಷೆಯೂ ಸಿಕ್ಕಿತು, ಅದು ಗ್ಯಾಲಿನೇರಮ್ಮನ್ನೂ ಹಿಡಿಯುತ್ತದೆ. ಕೋಳಿಯ ರೆಕ್ಕೆಯ ಕೆಳಗಿನ ರಕ್ತನಾಳದಿಂದ ಒಂದು ಹನಿ ರಕ್ತ, ಅದರ ಪಕ್ಕ ನೇರಳೆ ಬಣ್ಣ ಹಾಕಿದ ಸತ್ತ ರೋಗಾಣುಗಳ ಒಂದು ಹನಿ, ಎರಡನ್ನೂ ಬಿಳಿ ಬಿಲ್ಲೆಯ ಮೇಲೆ ಕಲಸಿ ಎರಡು ನಿಮಿಷ ಕಾಯುವುದು. ಹನಿ ಒಡೆದ ಹಾಲಿನ ಥರ ಕಣಕಣವಾದರೆ ಆ ಕೋಳಿಯ ಮೈಗೆ ರೋಗದ ಪರಿಚಯವಾಗಿದೆ. ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ತಯಾರಾಗುವ ಆ ನೇರಳೆ ದ್ರಾವಣದಿಂದ ನಾವು ಇಲ್ಲಿಯೂ ಇದೇ ಪರೀಕ್ಷೆ ಮಾಡುತ್ತೇವೆ. ಅಮೆರಿಕ 1935ರಲ್ಲಿ ಇದನ್ನೇ ಆಧಾರ ಮಾಡಿಕೊಂಡು ರಾಷ್ಟ್ರೀಯ ಕುಕ್ಕುಟ ಸುಧಾರಣಾ ಯೋಜನೆ ಶುರು ಮಾಡಿತು. ಬ್ರಿಟನ್ನಿನಲ್ಲೂ ಅದೇ ಹಾದಿ. ಪರೀಕ್ಷಿಸು, ತೆಗೆ, ಮತ್ತೆ ಪರೀಕ್ಷಿಸು. ದಶಕಗಟ್ಟಲೆ ತಾಳ್ಮೆಯಿಂದ ಮಾಡಿದ ಈ ಕೆಲಸದ ಫಲವಾಗಿ 1970ರ ದಶಕದ ಹೊತ್ತಿಗೆ ಆ ದೇಶಗಳ ವ್ಯಾಪಾರಿ ಹಿಂಡುಗಳಲ್ಲಿ ಗ್ಯಾಲಿನೇರಮ್ ಹೆಚ್ಚುಕಡಿಮೆ ಇಲ್ಲವಾಯಿತು. ಇದು ದೊಡ್ಡ ಗೆಲುವು ತಾಯಿ. ಮುಂದೆ ನಾನು ಹೇಳಲಿರುವ ಯಾವ ಮಾತೂ ಆ ಗೆಲುವನ್ನು ಸಣ್ಣದು ಮಾಡದಿರಲಿ. ಲೆಕ್ಕವಿಲ್ಲದಷ್ಟು ಮರಿಗಳು ಅದರಿಂದ ಬದುಕಿಕೊಂಡವು.

ನಮ್ಮ ಊರುಗಳಲ್ಲಿ ಮಾರಿಯನ್ನು ಮೊರದಲ್ಲಿಟ್ಟು, ತಮಟೆ ಬಾರಿಸಿಕೊಂಡು ಗಡಿ ದಾಟಿಸಿ ಬರುತ್ತಿದ್ದರು. ಗಡಿಯಾಚೆ ಬಿಟ್ಟು ಹಿಂದಿರುಗಿ ನೋಡದೆ ಮನೆಗೆ ಬರಬೇಕು. ಆ ದೇಶಗಳೂ ಹಿಂದಿರುಗಿ ನೋಡದೆ ಮನೆಗೆ ಬಂದವು. ಗ್ಯಾಲಿನೇರಮ್ ಎದ್ದು ಹೋದ ಜಾಗದಲ್ಲಿ ಏನಾಗುತ್ತಿದೆ ಎಂದು ನೋಡುವ ಕೆಲಸ ಯಾರದೂ ಆಗಿರಲಿಲ್ಲ.

1970ರ ದಶಕದ ಕೊನೆಯಿಂದ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಬ್ರಿಟನ್ನಿನಲ್ಲಿ, ಯುರೋಪಿನ ಇತರ ಕಡೆಗಳಲ್ಲಿ ಎಂಟೆರಿಟಿಡಿಸ್‌ನಿಂದ ಮಲಗುವವರ ಸಂಖ್ಯೆ ಏರತೊಡಗಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ಮೊಟ್ಟೆ, ಅದೂ ಬಿರುಕಿಲ್ಲದ ಶುಚಿಯಾದ ಮೊಟ್ಟೆ. 1988ರ ಡಿಸೆಂಬರ್ 3ರಂದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಕಿರಿಯ ಸಚಿವೆ ಎಡ್ವಿನಾ ಕರಿ, ದೇಶದ ಮೊಟ್ಟೆ ಉತ್ಪಾದನೆಯ ಬಹುಭಾಗಕ್ಕೆ ಸಾಲ್ಮೊನೆಲ್ಲಾ ತಗುಲಿದೆ ಎಂದುಬಿಟ್ಟರು. ಮಾತು ಅಳತೆ ಮೀರಿತ್ತು, ಮೊಟ್ಟೆ ವ್ಯಾಪಾರ ಕುಸಿಯಿತು, ಎರಡು ವಾರದೊಳಗೆ ಆಕೆ ರಾಜೀನಾಮೆ ಕೊಟ್ಟರು. ಆದರೆ ಹಿಂಡುಗಳಲ್ಲಿ ರೋಗಾಣು ಇದ್ದದ್ದು ನಿಜವೇ ಆಗಿತ್ತು. ಮುಂದಿನ ವರ್ಷಗಳಲ್ಲಿ ಅಲ್ಲಿ ಲಕ್ಷಾಂತರ ಕೋಳಿಗಳನ್ನು ಕೊಂದರು. ಒಂದು ಕಾಲಕ್ಕೆ ಕೋಳಿಗಳ ಜೀವ ಉಳಿಸಲೆಂದು ಹೊರಟ ದೇಶ ಅದು.

1994ರಲ್ಲಿ ಅಮೆರಿಕದಲ್ಲಿ ಆದದ್ದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಐಸ್‌ಕ್ರೀಮ್ ತಿಂದ ಸುಮಾರು 2,24,000 ಜನ ಎಂಟೆರಿಟಿಡಿಸ್‌ನಿಂದ ಕಾಯಿಲೆ ಬಿದ್ದರೆಂದು ಅಂದಾಜು. ಆ ಐಸ್‌ಕ್ರೀಮಿನ ಮಿಶ್ರಣವನ್ನು ಕಾಯಿಸಿ ರೋಗಾಣು ಕೊಂದೇ ಕಳಿಸಿದ್ದರು. ಆದರೆ ಅದನ್ನು ತುಂಬಿಕೊಂಡು ಹೋದ ಟ್ಯಾಂಕರುಗಳು ಅದಕ್ಕೆ ಮುಂಚೆ ಒಡೆದ ಹಸಿ ಮೊಟ್ಟೆಯ ರಸ ಸಾಗಿಸಿದ್ದವು. ಟ್ಯಾಂಕರಿನ ಗೋಡೆಗೆ ಅಂಟಿ ಉಳಿದದ್ದು ಅಷ್ಟು ಮನೆಗಳಿಗೆ ಹೋಗಿ ಮುಟ್ಟಿತು.

ಗ್ಯಾಲಿನೇರಮ್ ಹೋಗುವುದಕ್ಕೂ ಎಂಟೆರಿಟಿಡಿಸ್ ಬರುವುದಕ್ಕೂ ಏನಾದರೂ ಸಂಬಂಧವಿದೆಯೇ ಎಂದು 2000ದಲ್ಲಿ ಗಟ್ಟಿಯಾಗಿ ಕೇಳಿದವರು ಆಂಡ್ರಿಯಾಸ್ ಬಾಯ್ಮ್‌ಲರ್, ಬಿಲ್ಲಿ ಹಾರ್ಗಿಸ್, ರೆನೆ ತ್ಸೋಲಿಸ್ ಮತ್ತು ಅವರ ಜೊತೆಗಾರರು. ಇಂಗ್ಲೆಂಡ್, ಅಮೆರಿಕ, ಜರ್ಮನಿಗಳ ಹಳೆಯ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಇಳಿದಂತೆ ಇನ್ನೊಂದು ಏರಿತ್ತು. ಅವರು ಕೊಟ್ಟ ವಿವರಣೆ ನನ್ನ ಮನಸ್ಸಿಗೆ ನಾಟಿ ನಿಂತಿದೆ. ರೋಗಾಣುವಿನ ಹೊರಮೈಯಲ್ಲಿ ಸಕ್ಕರೆಯ ಸರಪಳಿಗಳಿರುತ್ತವೆ. ಕೋಳಿಯ ರಕ್ತ ಶತ್ರುವನ್ನು ನೆನಪಿಟ್ಟುಕೊಳ್ಳುವುದು ಅವುಗಳ ಗುರುತಿನಿಂದ. ಗ್ಯಾಲಿನೇರಮ್‌ಗೂ ಎಂಟೆರಿಟಿಡಿಸ್‌ಗೂ ಒ9 ಎಂಬ ಒಂದೇ ಗುರುತು. ಹಾಗಾಗಿ ಗ್ಯಾಲಿನೇರಮ್ ಹಬ್ಬಿ, ಅದರಿಂದ ಬದುಕುಳಿದ ಕೋಳಿಗಳಿರುವ ಹಿಂಡಿಗೆ ಎಂಟೆರಿಟಿಡಿಸ್ ಬಂದರೂ ಬೇರೂರಲು ಆಗುತ್ತಿರಲಿಲ್ಲ. ಇಬ್ಬರು ದಾಯಾದಿಗಳು ಒಂದೇ ಕರುಳಿನಲ್ಲಿ ಎದುರಾಗಿ ಹೊಡೆದಾಡಬೇಕಾಗಿಯೂ ಇಲ್ಲ. ಒಬ್ಬ ಬಂದು ಹೋದ ನೆನಪೇ ಇನ್ನೊಬ್ಬನಿಗೆ ಅಡ್ಡಗೋಡೆ. ಕೊಲ್ಲುವ ರೋಗವೇ ಗೊತ್ತಿಲ್ಲದೆ ಕಾವಲು ಕಾಯುತ್ತಿತ್ತು. ಪರೀಕ್ಷಿಸಿ ತೆಗೆದು ಹಿಂಡನ್ನು ಶುದ್ಧ ಮಾಡಿದ ಮೇಲೆ ಆ ನೆನಪು ಒಂದು ಕೋಳಿಯಲ್ಲೂ ಉಳಿಯಲಿಲ್ಲ.

ಆಗ ಎಂಟೆರಿಟಿಡಿಸ್ ಎಲ್ಲಿಂದ ಬಂತು? ಅವರು ಬೆರಳು ತೋರಿದ್ದು ಇಲಿಗಳ ಕಡೆಗೆ. ಗ್ಯಾಲಿನೇರಮ್‌ಗೆ ಹಕ್ಕಿ ಬಿಟ್ಟರೆ ಬೇರೆ ಆಸರೆಯಿಲ್ಲ, ಅದಕ್ಕೇ ಹಿಂಡಿನಿಂದ ತೆಗೆದರೆ ಊರಿನಿಂದಲೇ ಹೋಯಿತು. ಎಂಟೆರಿಟಿಡಿಸ್‌ಗೆ ಶೆಡ್ಡಿನ ಇಲಿ, ಸುಂಡಿಲಿಗಳ ಕರುಳಿದೆ. ಅದು ಹಿಂಡಿನ ಹೊರಗೆ ಕಾದು ಕೂರಬಲ್ಲದು. ಇದರಲ್ಲಿ ಮನುಷ್ಯನ ಕೈವಾಡವೂ ಇದೆ ತಾಯಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ಡ್ಯಾನಿಷ್ ಎಂಬಾತ ಇಲಿಗಳನ್ನು ಕೊಲ್ಲುವ ಒಂದು ರೋಗಾಣುವನ್ನು ಬೆಳೆಸಿ ಕೊಟ್ಟ. ಅದನ್ನು ಧಾನ್ಯಕ್ಕೆ ಬೆರೆಸಿ ಯುರೋಪಿನಲ್ಲೆಲ್ಲಾ ಇಲಿಪಾಷಾಣವಾಗಿ ಎರಚಿದರು. ಅದು ಎಂಟೆರಿಟಿಡಿಸ್‌ನದೇ ಒಂದು ಬಗೆ. 1888ರಲ್ಲಿ ಜರ್ಮನಿಯ ಫ್ರಾಂಕೆನ್‌ಹೌಸೆನ್‌ನಲ್ಲಿ ಕಾಯಿಲೆಯ ಹಸುವಿನ ಮಾಂಸ ತಿಂದು ಜನ ಮಲಗಿ, ಒಬ್ಬ ಸತ್ತಾಗ ಔಗುಸ್ಟ್ ಗಾರ್ಟ್ನರ್ ಕಂಡುಹಿಡಿದದ್ದು ಇದೇ ಕುಲದ ರೋಗಾಣುವನ್ನು. ಮನುಷ್ಯನನ್ನು ಕೊಲ್ಲಬಲ್ಲ ರೋಗಾಣುವಿನ ನೆಂಟನನ್ನೇ ಇಲಿಗೆ ಉಣಿಸಿದರು.

ಗ್ಯಾಲಿನೇರಮ್ ತೆರವಾದದ್ದಕ್ಕೇ ಎಂಟೆರಿಟಿಡಿಸ್ ಬಂತೆಂಬುದು ಊಹೆ, ಲೆಕ್ಕಾಚಾರದ ಬೆಂಬಲವಿರುವ ಊಹೆ. ಇದನ್ನು ಒಪ್ಪದ ಪಂಡಿತರಿದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ಜಗತ್ತಿನ ಕೋಳಿತಳಿಗಳೆಲ್ಲ ಕೆಲವೇ ಕಂಪನಿಗಳ ಕೈಯಲ್ಲಿವೆ. ಅಜ್ಜಿಕೋಳಿ ಮುತ್ತಜ್ಜಿಕೋಳಿಗಳ ಹಿಂಡಿಗೆ ರೋಗಾಣು ಹೊಕ್ಕರೆ ಮರಿಗಳ ಪೆಟ್ಟಿಗೆಯೊಂದಿಗೆ ಖಂಡಾಂತರ ಹೋಗುತ್ತದೆ. ಈಚಿನ ಜೀನೋಮ್ ಅಧ್ಯಯನಗಳು ಈ ದಾರಿಯನ್ನೇ ಎತ್ತಿ ತೋರಿಸಿವೆ. ಎರಡು ವಿವರಣೆಗಳೂ ಒಂದನ್ನೊಂದು ಹೊಡೆದುಹಾಕಬೇಕಿಲ್ಲ ಎಂದು ನನ್ನ ಎಣಿಕೆ. ಬೀಜ ಯಾವ ಪೆಟ್ಟಿಗೆಯಲ್ಲಿ ಬಂದರೂ ಮೊಳೆಯಲು ತೆರವಾದ ನೆಲ ಬೇಕು.

ಆ ತೆರವಾದ ನೆಲ ಎಂಥದೆಂದು ತಿಳಿಯಲು ಹ್ಯಾಚರಿಯ ಮರಿಯನ್ನು ನೋಡಬೇಕು. ಹಿತ್ತಲ ನಾಟಿ ಕೋಳಿ ಕಾವಿಗೆ ಕೂತು ಮರಿ ಮಾಡಿದರೆ, ಮರಿ ಕಣ್ಣು ಬಿಟ್ಟ ದಿನವೇ ಅವ್ವನ ಕಾಲಡಿಯ ಮಣ್ಣು ಕೆದಕುತ್ತದೆ, ಅವಳ ಹಿಕ್ಕೆಗೂ ಕೊಕ್ಕು ಹಾಕುತ್ತದೆ. ಅವಳ ಕರುಳಿನ ಸಾವಿರಾರು ಬಗೆಯ ನಿರಪಾಯ ಜೀವಿಗಳು ಹಾಗೆ ಮರಿಯ ಕರುಳಿಗೆ ಬಂದು ಮನೆ ಮಾಡುತ್ತವೆ. ಯಂತ್ರದ ಕಾವಿನಲ್ಲಿ ಒಡೆದು, ತೊಳೆದ ತಟ್ಟೆಯಲ್ಲಿ ಬಿದ್ದ ಮರಿಗೆ ಅವ್ವ ಇಲ್ಲ. ಅದರ ಕರುಳು ಬರಿದು. ಮೊದಲು ಬಂದವನೇ ಅಲ್ಲಿ ಯಜಮಾನ, ಬೆರಳೆಣಿಕೆಯ ಸಾಲ್ಮೊನೆಲ್ಲಾ ಸಾಕು. ಫಿನ್ಲೆಂಡಿನಲ್ಲಿ 1971ರಲ್ಲಿ ಇನ್ಫ್ಯಾಂಟಿಸ್ ಎಂಬ ಇನ್ನೊಂದು ಸಾಲ್ಮೊನೆಲ್ಲಾ ಮೇವಿನ ಮೂಲಕ ಮಾಂಸದ ಕೋಳಿಗಳಿಗೆ ಹರಡಿದಾಗ, ಎಸ್ಕೊ ನೂರ್ಮಿ ಮತ್ತು ರಂತಾಲಾ ಒಂದು ಸರಳ ಕೆಲಸ ಮಾಡಿ ನೋಡಿದರು. ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಸಾರವನ್ನು ಆಗತಾನೇ ಹುಟ್ಟಿದ ಮರಿಗಳ ಬಾಯಿಗೆ ಹಾಕಿದರು. ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೆ ಹಲವು ಮರಿಗಳಲ್ಲಿ ಅದು ನಿಲ್ಲಲೇ ಇಲ್ಲ. 1973ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂಗ್ಲೆಂಡಿನ ಹೌಟನ್ ಕುಕ್ಕುಟ ಸಂಶೋಧನಾ ಕೇಂದ್ರದಲ್ಲಿ ಪಾಲ್ ಬ್ಯಾರೊ ಮತ್ತು ಸಂಗಡಿಗರು 1980ರ ದಶಕದಲ್ಲಿ ಇನ್ನೂ ಮುಂದೆ ಹೋದರು. ಎಳೆಮರಿಗೆ ಮೊದಲು ಒಂದು ಸಾಲ್ಮೊನೆಲ್ಲಾ ತಳಿ ಕೊಟ್ಟು ಒಂದು ದಿನ ಬಿಟ್ಟು ಅದರ ನೆಂಟನನ್ನು ಬಿಟ್ಟರೆ, ಎರಡನೆಯದಕ್ಕೆ ಕರುಳಿನಲ್ಲಿ ಕಾಲೂರಲು ಎಡೆಯೇ ಸಿಗಲಿಲ್ಲ. ಒಂದು ದಿನದಲ್ಲಿ ರಕ್ತಕ್ಕೆ ನೆನಪು ಕಟ್ಟುವಷ್ಟು ಸಮಯವಿಲ್ಲ. ಬರೀ ಜಾಗ ಹಿಡಿದು ಕೂತಿರುವುದೇ ತಡೆಯಾಗಿತ್ತು.

ಹೊರಹಾಕಿದ ದಾಯಾದಿಯ ಕೈಯಿಂದಲೇ ಕಾವಲು ಮಾಡಿಸುವ ಉಪಾಯವನ್ನೂ ನೀನು ಮನುಷ್ಯನಿಗೆ ತೋರಿಸಿಕೊಟ್ಟೆ. 1956ರಲ್ಲಿ ಬ್ರಿಟನ್ನಿನ ವಿಲಿಯಮ್ಸ್ ಸ್ಮಿತ್ 9ಆರ್ ಎಂಬ ಗ್ಯಾಲಿನೇರಮ್ ತಳಿಯನ್ನು ಲಸಿಕೆಯಾಗಿ ಮುಂದಿಟ್ಟ. ಹೊರಮೈಯ ಸಕ್ಕರೆ ಸರಪಳಿ ಕಳೆದುಕೊಂಡ, ರೋಗದ ಕಸುವು ಕುಂದಿದ ಜೀವಂತ ರೋಗಾಣು ಅದು. ಕೋಳಿ ಟೈಫಾಯ್ಡಿಗೆಂದು ಮಾಡಿದ ಈ ಲಸಿಕೆ ಮೊಟ್ಟೆಕೋಳಿಗಳಲ್ಲಿ ಎಂಟೆರಿಟಿಡಿಸನ್ನೂ ತಗ್ಗಿಸುತ್ತದೆಂದು ಮುಂದೆ ಹಾಲೆಂಡಿನ ಹಿಂಡುಗಳಲ್ಲಿ ಕಂಡುಬಂತು. ಒ9 ಗುರುತೇ ಇಲ್ಲದ ತಳಿ ಒ9 ಇರುವುದನ್ನು ತಡೆಯುತ್ತದೆ ಎಂದಮೇಲೆ ದಾಯಾದಿಗಳ ಹೋಲಿಕೆ ಮೇಲಂಗಿಗೆ ಮುಗಿಯುವುದಿಲ್ಲ, ಒಳಗೆ ಇನ್ನೂ ಆಳಕ್ಕಿದೆ. ಬಾಯ್ಮ್‌ಲರ್ ವಾದದ ಈ ಒಂದು ಎಳೆಯನ್ನು ಸ್ವಲ್ಪ ಬಿಚ್ಚಿ ಮತ್ತೆ ನೇಯಬೇಕಾಗುತ್ತದೆ ಎಂದು ನನಗನ್ನಿಸುವುದು ಇದಕ್ಕೇ.

ಬ್ರಿಟನ್ ಕೊನೆಗೆ ಬುದ್ಧಿವಂತಿಕೆಯಿಂದ ನಡೆದುಕೊಂಡಿತು. 1998ರಿಂದ ಮೊಟ್ಟೆಗೆ ಸುರಕ್ಷೆಯ ಸಿಂಹದ ಮುದ್ರೆ ಬೀಳಬೇಕಾದರೆ ಕೋಳಿಗೆ ಎಂಟೆರಿಟಿಡಿಸ್ ಲಸಿಕೆ ಆಗಿರಲೇಬೇಕು, ಇಲಿ ನಿಯಂತ್ರಣ, ಮೊಟ್ಟೆಯ ಮೇಲೆ ದಿನಾಂಕ ಎಲ್ಲವೂ ಇರಬೇಕು ಎಂಬ ಕಟ್ಟಳೆ ಬಂತು. ಅಲ್ಲಿಂದ ಮನುಷ್ಯರ ಕಾಯಿಲೆ ಇಳಿಯುತ್ತಾ ಹೋಯಿತು. 2017ರಲ್ಲಿ ಅಲ್ಲಿನ ಆಹಾರ ಮಾನಕ ಸಂಸ್ಥೆ, ಆ ಮುದ್ರೆಯ ಮೊಟ್ಟೆಯನ್ನು ಬಸುರಿಯರೂ ಕೂಸುಗಳೂ ಮುದುಕರೂ ಅರೆಬೆಂದದ್ದಾಗಿ ತಿನ್ನಬಹುದು ಎಂದಿತು. ಗ್ಯಾಲಿನೇರಮ್ ಹೋಗಿ ತೆರವಾಗಿದ್ದ ಕಾವಲನ್ನು ಲಸಿಕೆ ತುಂಬಿಕೊಟ್ಟಿತು, ಈ ಸಲ ಸಾವಿನ ಬೆಲೆ ಕೊಡದೆ. ಆದರೂ ಕಥೆ ನಿಂತಿಲ್ಲ. ಯುರೋಪಿನ ಮಾಂಸದ ಕೋಳಿಗಳಲ್ಲಿ ಈಗ ಹೆಚ್ಚು ಸಿಗುವುದು ಇನ್ಫ್ಯಾಂಟಿಸ್, ಫಿನ್ಲೆಂಡಿನಲ್ಲಿ ನೂರ್ಮಿಯನ್ನು ಕಾಡಿದ್ದೇ. ಅದರ ಮೈಗುರುತು ಬೇರೆ. ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಇನ್ಫ್ಯಾಂಟಿಸ್ ತಳಿಗಳೂ ಹರಡಿವೆ.

ಇನ್ನು ನಮ್ಮ ಮನೆಯ ಮಾತು. ಈ ದೇಶದಲ್ಲಿ ಗ್ಯಾಲಿನೇರಮ್ ಇನ್ನೂ ಇದೆ, ಪುಲ್ಲೋರಮ್ಮೂ ಇದೆ. ಅದನ್ನು ಓಡಿಸುವ ಕೆಲಸ ನಮ್ಮ ಪಾಲಿಗೆ ಬಾಕಿ ಇದೆ, ನಾವು ಅದನ್ನು ಮಾಡಲೇಬೇಕು. ಒಂದು ರೋಗ ಇನ್ನೊಂದನ್ನು ತಡೆಯುತ್ತದೆಂದು ಕೋಳಿಗಳನ್ನು ಸಾಯಲು ಬಿಡುವ ಮಾತನ್ನು ನನ್ನ ಬಾಯಲ್ಲಿ ಬರಿಸಬೇಡ. ನಾನು ಬೇಡುವುದು ಬೇರೆ. ಅವರು ನಡೆದ ಹಾದಿಯನ್ನು ನಾವು ತಡವಾಗಿ ನಡೆಯುತ್ತಿದ್ದೇವೆ. ತಡವಾಗಿ ಹೊರಟವರಿಗೆ ಮುಂದಿನ ಹಳ್ಳ ಎಲ್ಲಿದೆಯೆಂದು ಗೊತ್ತಿರುವ ಒಂದು ಭಾಗ್ಯವಿದೆ. ಆ ಭಾಗ್ಯವನ್ನು ವ್ಯರ್ಥ ಮಾಡಿಕೊಳ್ಳದ ವಿವೇಕ ಕೊಡು.

ನೇರಳೆ ಹನಿಯ ಪರೀಕ್ಷೆಯಲ್ಲಿ ರಕ್ತ ಕಣಕಟ್ಟಿದಾಗ ಅಷ್ಟಕ್ಕೇ ನಿಲ್ಲದಂತೆ ನಮ್ಮನ್ನು ಎಚ್ಚರವಾಗಿಡು. ಒ9 ಗುರುತು ಎರಡಕ್ಕೂ ಒಂದೇ ಆದ್ದರಿಂದ ಎಂಟೆರಿಟಿಡಿಸ್ ಇದ್ದರೂ ಆ ಹನಿ ಒಡೆಯಬಹುದು. ಹನಿ ಒಡೆದ ಮೇಲೆ ಅಂಗಾಂಶದಿಂದ ರೋಗಾಣು ಬೆಳೆಸಿ, ನಳಿಕೆಗೆ ಚುಚ್ಚಿ, ಯಾರು ಬಂದಿದ್ದಾರೆಂದು ಹೆಸರು ಹಿಡಿದು ಕೇಳುವ ಪ್ರಯೋಗಶಾಲೆ ಪ್ರತಿ ಜಿಲ್ಲೆಯಲ್ಲೂ ಇರಲಿ. ಗ್ಯಾಲಿನೇರಮ್ ಇಳಿದ ಹಿಂಡುಗಳನ್ನು ವರುಷ ಕಳೆದ ಮೇಲೂ ಹೋಗಿ ನೋಡುವ ಜನರನ್ನು ಕೊಡು, ಅವರಿಗೆ ಸಂಬಳ ಕೊಡುವ ಸರಕಾರವನ್ನೂ ಕೊಡು.

ಸರಕಾರಿ ಶಾಲೆಗಳ ಬಿಸಿಯೂಟದಲ್ಲಿ ಬೆಂದ ಮೊಟ್ಟೆಯ ಸಿಪ್ಪೆ ಬಿಡಿಸುವ ಮಕ್ಕಳನ್ನು ನೋಡು ತಾಯಿ. ಎಷ್ಟೋ ಮನೆಗಳಲ್ಲಿ ಆ ಮಕ್ಕಳಿಗೆ ಮೊಟ್ಟೆ ಸಿಗುವುದೇ ಇಲ್ಲ, ಶಾಲೆಯದೇ ಆಸರೆ. ದೊಡ್ಡ ಪಾತ್ರೆಯಲ್ಲಿ ಹಳದಿ ಗಟ್ಟಿಯಾಗುವ ತನಕ ಕುದಿಸಿದ ಮೊಟ್ಟೆಯಲ್ಲಿ ಯಾವ ಸಾಲ್ಮೊನೆಲ್ಲಾವೂ ಉಳಿಯುವುದಿಲ್ಲ. ಅಡುಗೆಯ ಅಮ್ಮಂದಿರಿಗೆ ಸೌದೆ, ಗ್ಯಾಸು ಕಡಿಮೆ ಬೀಳದಿರಲಿ, ಗಂಟೆ ಹೊಡೆಯಿತೆಂದು ಅರ್ಧಕ್ಕೆ ಇಳಿಸುವ ಅವಸರ ಬಾರದಿರಲಿ. ಒಡೆದ ಹಸಿ ಮೊಟ್ಟೆ ಮುಟ್ಟಿದ ಕೈ ಸೌತೆಕಾಯಿ ಹೆಚ್ಚುವ ಮೊದಲು ಸೋಪು ಕಾಣಲಿ. ಬೇಸಿಗೆಯ ಬಿಸಿಲಿಗೆ ಅಂಗಡಿಯ ಮುಂದೆ ಪೇರಿಸಿಟ್ಟ ಮೊಟ್ಟೆ ಟ್ರೇಗಳು ನೆರಳಿಗೆ ಸರಿಯಲಿ. ಒಳಗೆ ನಾಲ್ಕೇ ರೋಗಾಣು ಇದ್ದರೂ ಸೆಕೆಯಲ್ಲಿ ಅದು ಕೋಟಿಯಾಗುತ್ತದೆ.

ಶೆಡ್ಡಿನ ಯಜಮಾನನಿಗಾಗಿ ನನ್ನ ಕೊನೆಯ ಬೇಡಿಕೆ. ಮೆಕ್ಕೆಜೋಳದ, ಸೋಯಾ ಹಿಂಡಿಯ ದರ ಏರಿ, ಮೊಟ್ಟೆಯ ದರ ಇಳಿದ ತಿಂಗಳಲ್ಲಿ ಅವನು ಮೊದಲು ಕೈಬಿಡುವುದು ಇಲಿ ಹಿಡಿಯುವ ಖರ್ಚನ್ನು, ಆಮೇಲೆ ಲಸಿಕೆಯನ್ನು. ಅವನ ಲೆಕ್ಕದಲ್ಲಿ ತಪ್ಪಿಲ್ಲ, ಏಕೆಂದರೆ ಎಂಟೆರಿಟಿಡಿಸ್ ಅವನ ಕೋಳಿಯನ್ನು ಕೊಲ್ಲುವುದಿಲ್ಲ. ಕಾಯಿಲೆ ಬೀಳುವವರು ದೂರದ ಊರಿನವರು, ಅವರ ಆಸ್ಪತ್ರೆಯ ಚೀಟಿ ಅವನ ತನಕ ಬರುವುದೂ ಇಲ್ಲ. ಆ ಖರ್ಚನ್ನು ಅವನೊಬ್ಬನ ತಲೆಗೆ ಕಟ್ಟದೆ ಮೊಟ್ಟೆ ತಿನ್ನುವ ನಾವೆಲ್ಲ ಹಂಚಿಕೊಳ್ಳುವಂತೆ ಮಾಡು. ಒಂದು ಮೊಟ್ಟೆಗೆ ನಾಲ್ಕು ಕಾಸು ಹೆಚ್ಚಾದರೆ ನಾನು ಕೊಡುತ್ತೇನೆ, ಕೊಡಬಲ್ಲವರೆಲ್ಲ ಕೊಡಲಿ, ಕೊಡಲಾಗದವರ ಪಾಲನ್ನು ಸರಕಾರ ಭರಿಸಲಿ. ಮಳೆಗಾಲ ಹಿಡಿದು ಇಲಿಗಳು ಗದ್ದೆಬದು ಬಿಟ್ಟು ಶೆಡ್ಡಿನ ಬುಡಕ್ಕೆ ಬರುವುದರೊಳಗೆ, ಅವನು ಬಿಲಗಳನ್ನು ಮುಚ್ಚಿಸಿ, ಚೆಲ್ಲಿದ ಮೇವು ಗುಡಿಸಿ, ಮುಂದಿನ ಮರಿಗಳ ತಂಡಕ್ಕೆ ಲಸಿಕೆ ತಂದಿಟ್ಟಿರಲಿ.